ಟೇಪಿನಿಂದ ತಟ್ಟೆಗೆ ದಾಟಿದ ದನಿ ಅದೇ ದನಿಯೇ?

ಹಳೆಯ ಕ್ಯಾಸೆಟ್ಟಿನ ದನಿಯನ್ನು ಮನೆಯ ಕಂಪ್ಯೂಟರಿನ ಮೂಲಕ ಸಿ.ಡಿ.ಗೆ ಇಳಿಸಿದರೆ, ಆ ಸಿ.ಡಿ.ಯಿಂದ ಹೊರಡುವುದು ಅದೇ ದನಿಯೋ ಅದರಂಥದೇ ಇನ್ನೊಂದೋ ಎಂಬುದು ತತ್ತ್ವಶಾಸ್ತ್ರದ ಪ್ರಶ್ನೆ. ‘ಅದೇ’ ಮತ್ತು ‘ಅದರಂಥದು’ ಎಂಬ ಎರಡು ಮಾತುಗಳ ನಡುವಿನ ಅಂತರವನ್ನು ಭಾರತೀಯ ದರ್ಶನಗಳು ಶಬ್ದದ ವಿಷಯದಲ್ಲಿ ಬಹಳ ಸೂಕ್ಷ್ಮವಾಗಿ ಚರ್ಚಿಸಿವೆ. ಶಬ್ದ ನಿತ್ಯವೇ, ಅನಿತ್ಯವೇ ಎಂಬ ವಾದ ಶತಮಾನಗಳ ಕಾಲ ನಡೆಯಿತು. ಆ ವಾದಿಗಳ ಮುಂದೆ ದನಿ ಹಿಡಿದಿಡುವ ಯಂತ್ರವಿರಲಿಲ್ಲ. ಆಡಿದ ಕ್ಷಣದಲ್ಲೇ ಆರಿಹೋಗುವ ಮಾತಷ್ಟೇ ಇತ್ತು. ಯಂತ್ರ ಬಂದ ಮೇಲೆ ಹಳೆಯ ವಾದಕ್ಕೆ ಹೊಸ ಪರೀಕ್ಷೆ ಒದಗಿತು. ಅದರ ಬೆನ್ನಿಗೇ ಧಾರ್ಮಿಕ ಪ್ರಶ್ನೆಯೊಂದೂ ಎದ್ದಿತು: ಮಂತ್ರ, ಪಾರಾಯಣ, ಪ್ರಾರ್ಥನೆಗಳು ಯಂತ್ರದಿಂದ ಕೇಳಿಬಂದಾಗ ಅವು ಮಂತ್ರ, ಪಾರಾಯಣ, ಪ್ರಾರ್ಥನೆಗಳಾಗಿಯೇ ಉಳಿಯುತ್ತವೆಯೇ?

ಟೇಪು ಹಿಡಿದಿಟ್ಟದ್ದು

ಕ್ಯಾಸೆಟ್ಟನ್ನು ಫಿಲಿಪ್ಸ್ ಸಂಸ್ಥೆ 1963ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಮೊದಲು ಹೊರತಂದಿತು. ಅದರೊಳಗಿನ ಟೇಪು 3.81 ಮಿಲಿಮೀಟರ್ ಅಗಲದ ತೆಳು ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳ ಲೇಪ. ಟೇಪು ಸೆಕೆಂಡಿಗೆ ಸುಮಾರು 4.76 ಸೆಂಟಿಮೀಟರ್ ವೇಗದಲ್ಲಿ ಸಾಗುತ್ತದೆ. ಅರ್ಧ ಗಂಟೆಯ ಒಂದು ಬದಿಗೆ ಸುಮಾರು 86 ಮೀಟರ್ ಬೇಕು. ಹಾಡುವವರ ಉಸಿರು ಗಾಳಿಯನ್ನು ಅಲುಗಿಸುತ್ತದೆ. ಮೈಕು ಆ ಅಲುಗಾಟವನ್ನು ವಿದ್ಯುತ್ತಾಗಿಸುತ್ತದೆ, ರೆಕಾರ್ಡಿಂಗ್ ಹೆಡ್ಡು ವಿದ್ಯುತ್ತನ್ನು ಕಾಂತಕ್ಷೇತ್ರವಾಗಿಸುತ್ತದೆ, ಆ ಕ್ಷೇತ್ರಕ್ಕೆ ತಕ್ಕಂತೆ ಕಣಗಳ ಕಾಂತತೆ ಬದಲಾಗಿ ಹಾಗೆಯೇ ನಿಲ್ಲುತ್ತದೆ. ಕಿವಿಗೆ ಹಚ್ಚಿದರೆ ಟೇಪು ಮೌನವಾಗಿರುತ್ತದೆ. ಅದರಲ್ಲಿರುವುದು ದನಿಯ ಗುರುತು, ಕೆಸರಿನಲ್ಲಿ ಉಳಿದ ಹೆಜ್ಜೆಯ ಗುರುತಿನ ಹಾಗೆ.

ಈ ಗುರುತು ಸವೆಯುತ್ತದೆ. ಲೇಪ ಉದುರುತ್ತದೆ, ಬೂಷ್ಟು ಹಿಡಿಯುತ್ತದೆ, ಪಟ್ಟಿ ಹಿಗ್ಗಿ ಸ್ವರ ಜಗ್ಗುತ್ತದೆ. ಸುರುಳಿಯಲ್ಲಿ ಒಂದರ ಮೇಲೊಂದು ಒತ್ತಿಕೊಂಡ ಪದರಗಳಲ್ಲಿ ಒಂದರ ಕಾಂತತೆ ಇನ್ನೊಂದಕ್ಕೆ ಅಂಟಿಕೊಳ್ಳುವುದೂ ಉಂಟು. ಆಗ ಹಾಡು ಶುರುವಾಗುವ ತುಸು ಮೊದಲೇ ಅದರ ಮಸುಕಾದ ನೆರಳು ಕೇಳಿಸುತ್ತದೆ. ಹುಟ್ಟುವ ಮೊದಲೇ ಕೇಳಿಸುವ ಇಂಥ ದನಿ ಯಾವ ಕಂಠದಿಂದಲೂ ಬಂದದ್ದಲ್ಲ; ಅದು ವಸ್ತುವಿನ ಕೆಲಸ.

ಕನ್ನಡದ ಕ್ಯಾಸೆಟ್ಟುಗಳಲ್ಲಿ ಉಳಿದಿರುವುದರ ಹರವು ದೊಡ್ಡದು. 1978ರ ‘ನಿತ್ಯೋತ್ಸವ’ ಸುಗಮ ಸಂಗೀತವನ್ನು ಕ್ಯಾಸೆಟ್ಟಿನ ದಾರಿಯಲ್ಲಿ ಮನೆಮನೆಗೆ ಒಯ್ದಿತು. ಗುರುರಾಜುಲು ನಾಯ್ಡು ಅವರ ಹರಿಕಥೆಗಳು, ಶಿಶುನಾಳ ಶರೀಫರ ತತ್ತ್ವಪದಗಳು, ತಾಳಮದ್ದಲೆಯ ಅರ್ಥಗಾರಿಕೆ ಇವೆಲ್ಲ ಟೇಪಿನಲ್ಲಿ ತಿರುಗಿದವು. 1990ರಲ್ಲಿ ಅಕಾಲದಲ್ಲಿ ತೀರಿಕೊಂಡ ಬಡಗುತಿಟ್ಟು ಯಕ್ಷಗಾನದ ಭಾಗವತ ಕಾಳಿಂಗ ನಾವಡರ ಕಂಠ ಮುಂದಿನ ತಲೆಮಾರಿಗೆ ದಕ್ಕಿದ್ದು ಮುಖ್ಯವಾಗಿ ಕ್ಯಾಸೆಟ್ಟುಗಳಿಂದ. ಅಂಗಡಿಯಲ್ಲಿ ಮಾರದ ಟೇಪುಗಳೂ ಇವೆ: ಅಜ್ಜಿ ಹಾಡಿದ ಸೋಬಾನೆ, ಊರ ಜಾತ್ರೆಯ ಭಜನೆ, ಮಠದ ಪ್ರವಚನ. ಇವಕ್ಕೆ ಒಂದೇ ಪ್ರತಿ. ಅದು ಸವೆದರೆ ಮುಗಿಯಿತು.

ಶಬ್ದದ ಬಗ್ಗೆ ದರ್ಶನಗಳ ನಿಲುವು

ಜೈಮಿನಿಯ ಮೀಮಾಂಸಾಸೂತ್ರಗಳೂ ಅವಕ್ಕೆ ಶಬರಸ್ವಾಮಿ ಬರೆದ ಭಾಷ್ಯವೂ ಶಬ್ದ ನಿತ್ಯವೆಂದು ವಾದಿಸುತ್ತವೆ. ಆಡುವವನ ಪ್ರಯತ್ನ ಶಬ್ದವನ್ನು ಹುಟ್ಟಿಸುವುದಿಲ್ಲ, ಮೊದಲೇ ಇರುವುದನ್ನು ಪ್ರಕಟಿಸುತ್ತದೆ. ‘ಗೋ’ ಎಂಬ ಪದವನ್ನು ಎಂಟು ಸಲ ಆಡಿದರೆ ಒಂದೇ ಪದವನ್ನು ಎಂಟು ಸಲ ಆಡಿದರೆಂದು ಜನ ಹೇಳುತ್ತಾರೆಯೇ ಹೊರತು ಎಂಟು ಪದಗಳನ್ನು ಆಡಿದರೆಂದು ಹೇಳುವುದಿಲ್ಲ. ‘ಇದು ಅದೇ’ ಎಂದು ಗುರುತಿಸುವ ಈ ಪ್ರತ್ಯಭಿಜ್ಞೆಯೇ ಶಬ್ದದ ನಿತ್ಯತೆಗೆ ಆಧಾರ. ಜೋರು, ಮೆಲು ಎಂಬ ಭೇದಗಳು ಶಬ್ದಕ್ಕೆ ಸೇರಿದವಲ್ಲ, ಅದನ್ನು ಹೊತ್ತು ತರುವ ನಾದಕ್ಕೆ ಸೇರಿದವು.

ನ್ಯಾಯದರ್ಶನದ ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಶಬ್ದಕ್ಕೆ ಆರಂಭವಿದೆ, ಇಂದ್ರಿಯಕ್ಕೆ ಗೋಚರವಾಗುತ್ತದೆ, ಆಮೇಲೆ ಇಲ್ಲವಾಗುತ್ತದೆ. ಆದ್ದರಿಂದ ಅದು ಅನಿತ್ಯ. ಅದು ಆಕಾಶದ ಗುಣ. ಕೊಳದಲ್ಲಿ ಒಂದು ಅಲೆ ಮುಂದಿನ ಅಲೆಯನ್ನು ಎಬ್ಬಿಸಿ ತಾನು ಅಡಗುವಂತೆ ಒಂದು ಶಬ್ದ ಇನ್ನೊಂದನ್ನು ಹುಟ್ಟಿಸಿ ಅಳಿಯುತ್ತದೆ. ಕಿವಿಗೆ ಮುಟ್ಟುವುದು ಸಾಲಿನ ಕೊನೆಯದು. ಹಾಗಾದರೆ ‘ಅದೇ’ ಎಂಬ ಗುರುತು? ಅದು ಹೋಲಿಕೆಯಿಂದ ಬಂದದ್ದು. ದೀಪದ ಕುಡಿ ಕ್ಷಣಕ್ಷಣಕ್ಕೂ ಬೇರೆಯಾದರೂ ಒಂದೇ ಎಂದು ತೋರುತ್ತದೆ. ಕತ್ತರಿಸಿ ಮತ್ತೆ ಬೆಳೆದ ಕೂದಲನ್ನೂ ಜನ ‘ಅದೇ ಕೂದಲು’ ಎನ್ನುತ್ತಾರೆ.

ಜೈನ ದರ್ಶನ ಮೂರನೆಯ ದಾರಿ ಹಿಡಿಯುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಪ್ರಕಾರ ಶಬ್ದ ಪುದ್ಗಲದ, ಅಂದರೆ ಭೌತದ್ರವ್ಯದ, ಒಂದು ಪರ್ಯಾಯ, ಎಂದರೆ ಅವಸ್ಥೆ. ಕನ್ನಡದ ವ್ಯಾಕರಣದಲ್ಲಿ ಈ ನಿಲುವು ನೇರವಾಗಿ ಕಾಣಿಸುತ್ತದೆ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ, ಜೀವದ ಇಚ್ಛೆಗೂ ಅನುಕೂಲ ವಾಯುವಿಗೂ ಅನುಸಾರವಾಗಿ ನಾಭಿಮೂಲದಲ್ಲಿ ಶಬ್ದದ್ರವ್ಯ ಕಹಳೆಯ ರೀತಿಯಲ್ಲಿ ಹುಟ್ಟುತ್ತದೆಂದೂ ಅದು ಬಿಳಿಯ ಬಣ್ಣದ್ದೆಂದೂ ಹೇಳುತ್ತಾನೆ. ಶಬ್ದಕ್ಕೆ ಬಣ್ಣವಿದೆಯೆಂಬ ಮಾತು ಇಂದಿನ ಓದುಗರಿಗೆ ವಿಚಿತ್ರವೆನಿಸಬಹುದು. ಶಬ್ದ ದ್ರವ್ಯವಾದರೆ ದ್ರವ್ಯದ ಗುಣಗಳೂ ಅದಕ್ಕಿರಬೇಕು ಎಂಬ ತರ್ಕ ಅದರ ಹಿಂದಿದೆ.

ಇವುಗಳ ಜೊತೆಗೆ ವೈಯಾಕರಣ ಭರ್ತೃಹರಿ ವಾಕ್ಯಪದೀಯದಲ್ಲಿ ಮಾಡುವ ವಿಂಗಡಣೆಯನ್ನೂ ಇಟ್ಟುಕೊಳ್ಳಬೇಕು. ಅರ್ಥವನ್ನು ಅರಳಿಸುವ ಸ್ಫೋಟ ಅಖಂಡವಾದದ್ದು. ಅದನ್ನು ತೋರಿಸಿಕೊಡುವುದು ಪ್ರಾಕೃತ ಧ್ವನಿ. ಆಮೇಲೆ ಉಳಿಯುವ ವೇಗ, ವಿಳಂಬ ಮೊದಲಾದ ಭೇದಗಳು ವೈಕೃತ ಧ್ವನಿಗೆ ಸೇರಿದವು. ಈ ಎಳೆಯನ್ನು ಮುಂದುವರಿಸಿದರೆ ಕಂಠದ ಗೊಗ್ಗರು, ಉಸಿರಿನ ಎಳೆತ, ಊರಿನ ರಾಗ ಎಲ್ಲವೂ ವೈಕೃತ ಧ್ವನಿಯ ಪಾಲಿಗೆ ಬರುತ್ತವೆ. ಮೀಮಾಂಸಕರಿಗೂ ವೈಯಾಕರಣರಿಗೂ ಇದು ಹೊರಪದರ. ಕ್ಯಾಸೆಟ್ಟನ್ನು ಉಳಿಸಲು ಹೊರಟವರಿಗೆ ಇದೇ ಸರ್ವಸ್ವ. ಸೋಬಾನೆಯ ಪದಗಳನ್ನು ಕಾಗದದ ಮೇಲೆ ಬರೆದಿಡಬಹುದು. ಪ್ರಸಂಗದ ಪದ್ಯಗಳು ಅಚ್ಚಾಗಿವೆ. ಕಾಗದಕ್ಕೆ ಇಳಿಯದ್ದು ಆ ಕಂಠ. ನಿತ್ಯವಾದದ್ದನ್ನು ಉಳಿಸಲು ಯಂತ್ರ ಬೇಕಿಲ್ಲ. ಯಂತ್ರ ಬೇಕಾಗುವುದು, ದರ್ಶನಗಳು ಅನಿತ್ಯವೆಂದೂ ಆಕಸ್ಮಿಕವೆಂದೂ ಬದಿಗಿಟ್ಟ ಈ ಪಾಲಿಗಾಗಿಯೇ.

ದಾಟಿಸುವ ಕ್ರಮ ಮತ್ತು ಕ್ಷಣದ ಪ್ರಶ್ನೆ

ದಾಟಿಸುವ ಕೆಲಸ ಸರಳ. ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬೇಕು. ಬಹುಕಾಲ ಬಿಡಿಸದ ಟೇಪನ್ನು ಒಮ್ಮೆ ಮುಂದಕ್ಕೂ ಹಿಂದಕ್ಕೂ ಸುತ್ತಿ ಸಡಿಲಿಸಬೇಕು. ಹೆಡ್ಡಿನ ಓರೆ ಸರಿಯಿಲ್ಲದಿದ್ದರೆ ಎತ್ತರದ ಸ್ವರಗಳು ಮಂಕಾಗುವುದರಿಂದ ಅದನ್ನು ಕಿವಿಯ ಅಂದಾಜಿನಲ್ಲೇ ಸರಿಪಡಿಸಬೇಕಾಗುತ್ತದೆ. ಡೆಕ್ಕಿನ ಲೈನ್ ಔಟ್‌ನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ತಂತಿ ಜೋಡಿಸಿ, ಆಡಾಸಿಟಿಯಂಥ ತಂತ್ರಾಂಶದಲ್ಲಿ ಮಟ್ಟ ನೋಡಿಕೊಂಡು ದಾಖಲಿಸಬೇಕು. ಅತಿ ಜೋರಿನ ಭಾಗವೂ ಮೇಲಿನ ಮಿತಿಗಿಂತ ಸುಮಾರು 6 ಡೆಸಿಬೆಲ್ ಕೆಳಗಿದ್ದರೆ ಕ್ಷೇಮ. ಮಿತಿ ಮೀರಿದ ಅಲೆಯ ತುದಿ ಕತ್ತರಿಸಿಹೋದರೆ ಮತ್ತೆ ಮರಳುವುದಿಲ್ಲ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು. ಹಾಡು ಇನ್ನೊಮ್ಮೆ ಪೂರ್ತಿ ಕಾಲದಲ್ಲಿ ನಡೆಯಬೇಕು. ಆಮೇಲಿನ ಪ್ರತಿಗಳಿಗೆ ಕೆಲವು ನಿಮಿಷ ಸಾಕು. ಮೊದಲ ದಾಟು ಒಂದು ಘಟನೆ. ಅನಂತರದವು ಅಂಕಿಗಳ ನಕಲು.

ಸಿ.ಡಿ.ಯ ಲೆಕ್ಕದಲ್ಲಿ ಕಂಪ್ಯೂಟರ್ ಸೆಕೆಂಡಿಗೆ 44,100 ಸಲ ಅಲೆಯ ಎತ್ತರವನ್ನು ಅಳೆದು, ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದಕ್ಕೆ ಕೂರಿಸುತ್ತದೆ. ಎಡ, ಬಲ ಎರಡೂ ಸೇರಿ ಒಂದು ಗಂಟೆಗೆ ಸುಮಾರು 63.5 ಕೋಟಿ ಬೈಟುಗಳಾಗುತ್ತವೆ. ಹರಿಯುವ ದನಿಯನ್ನು ಹೀಗೆ ಕ್ಷಣಗಳಾಗಿ ಕತ್ತರಿಸಿದರೆ ಎರಡು ಕ್ಷಣಗಳ ನಡುವಿನದು ಕಳೆದುಹೋಗುವುದಿಲ್ಲವೇ ಎಂಬ ಶಂಕೆ ಸಹಜ. ಬೌದ್ಧರ ಕ್ಷಣಿಕವಾದದ ಮೇಲೆ ಎದುರಾಳಿಗಳು ಹೊರಿಸಿದ ಆಕ್ಷೇಪವೂ ಇದೇ ಬಗೆಯದು: ಇರುವುದೆಲ್ಲ ಕ್ಷಣಮಾತ್ರವಾದರೆ ಒಂದನ್ನೊಂದು ಪೋಣಿಸುವ ದಾರ ಯಾವುದು?

ಧ್ವನಿಯ ಮಟ್ಟಿಗೆ ಈ ಶಂಕೆಗೆ ಗಣಿತದ ಉತ್ತರವಿದೆ. ನೈಕ್ವಿಸ್ಟ್ 1928ರಲ್ಲಿ ಹಾಕಿದ ತಳಹದಿಯ ಮೇಲೆ ಶ್ಯಾನನ್ 1949ರಲ್ಲಿ ಪ್ರಕಟಿಸಿದ ಪ್ರಮೇಯದಂತೆ, ಅಲೆಯಲ್ಲಿರುವ ಅತಿ ಎತ್ತರದ ಕಂಪನಾಂಕದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಆ ಅಳತೆಗಳಿಂದಲೇ ಮೂಲ ಅಲೆಯನ್ನು ಪೂರ್ತಿಯಾಗಿ ಮರಳಿ ಪಡೆಯಬಹುದು. ಮನುಷ್ಯರ ಕಿವಿಯ ಮಿತಿ ಸುಮಾರು 20,000 ಹರ್ಟ್ಸ್. ಸಾಧಾರಣ ಕ್ಯಾಸೆಟ್ಟು ಅಷ್ಟು ಎತ್ತರ ಮುಟ್ಟುವುದೇ ಅಪರೂಪ. ಆದ್ದರಿಂದ ಕ್ಷಣಗಳ ನಡುವೆ ಏನೂ ಸೋರುವುದಿಲ್ಲ. ಆಗುವ ನಷ್ಟವೆಲ್ಲ ಡೆಕ್ಕಿನಲ್ಲಿ, ಹೆಡ್ಡಿನಲ್ಲಿ, ತಂತಿಯಲ್ಲಿ, ತಪ್ಪಾಗಿ ಇಟ್ಟ ಮಟ್ಟದಲ್ಲಿ.

ಈ ಪ್ರಮೇಯದಲ್ಲಿ ಇನ್ನೊಂದು ಪಾಠವಿದೆ. ಒಂಟಿಯಾದ ಒಂದು ಅಳತೆ ಏನನ್ನೂ ಹೇಳುವುದಿಲ್ಲ. ಹಿಂದಿನ ಮತ್ತು ಮುಂದಿನ ಅಳತೆಗಳ ಸಂಬಂಧದಲ್ಲೇ ಅದು ದನಿಯ ಭಾಗವಾಗುತ್ತದೆ. ಬೌದ್ಧರು ಸಂತಾನ ಎಂದು ಕರೆದ ಕ್ಷಣಗಳ ಸಾಲು ಇದಕ್ಕೆ ಹತ್ತಿರದ್ದು. ಮಿಲಿಂದ ರಾಜನಿಗೆ ಬೌದ್ಧ ಭಿಕ್ಷು ನಾಗಸೇನ ಕೊಟ್ಟ ಉತ್ತರದಲ್ಲಿ ರಾತ್ರಿಯ ಮೊದಲ ಜಾವದ ದೀಪವೂ ಕೊನೆಯ ಜಾವದ ದೀಪವೂ ಒಂದೇ ಅಲ್ಲ, ಬೇರೆಯೂ ಅಲ್ಲ; ಒಂದನ್ನು ಆಧರಿಸಿ ಇನ್ನೊಂದು ಉರಿಯುತ್ತ ಬಂದಿದೆ. ಟೇಪಿಗೂ ಸಿ.ಡಿ.ಗೂ ಇರುವ ಸಂಬಂಧಕ್ಕೆ ಈ ಉಪಮೆ ಹೊಂದುತ್ತದೆ.

ಸದ್ದು ಯಾವುದು, ಗದ್ದಲ ಯಾವುದು

ದಾಖಲಿಸಿದ ದನಿಯನ್ನು ತೊಳೆಯುವ ಹಂತದಲ್ಲಿ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಟೇಪಿನ ಸುಯ್ಯೆಂಬ ಸದ್ದನ್ನು ತೆಗೆಯಲು ತಂತ್ರಾಂಶ ಮೊದಲು ಹಾಡಿಲ್ಲದ ತುಣುಕೊಂದರಿಂದ ಗದ್ದಲದ ಮಾದರಿಯನ್ನು ಕಲಿಯುತ್ತದೆ. ಬಳಿಕ ಅಂಥದನ್ನು ಎಲ್ಲೆಡೆಯಿಂದ ಕಳೆಯುತ್ತದೆ. ಒಂದೇ ಸಮನೆ ನಿಲ್ಲುವ ಸದ್ದು ಅದರ ಲೆಕ್ಕದಲ್ಲಿ ಗದ್ದಲ. ಕಚೇರಿಯ ಟೇಪಿನಲ್ಲಿ ಮಾದರಿಯ ತುಣುಕಿನೊಳಗೆ ತಂಬೂರಿಯ ಶ್ರುತಿ ಸೇರಿಕೊಂಡರೆ, ಹಾಡಿನ ನೆಲಗಟ್ಟನ್ನೇ ಅದು ಕೊರೆಯತೊಡಗುತ್ತದೆ. ಹರಿಕಥೆಯ ನಡುವಿನ ನಗು, ಹೊರಗಿನ ಮಳೆ, ಮಂಗಳಾರತಿಯ ಗಂಟೆ, ಹಾಡುವವಳ ತೊಡೆಯ ಮೇಲಿನ ಮಗುವಿನ ಅಳು ಇವುಗಳಲ್ಲಿ ಯಾವುದು ಗದ್ದಲವೆಂದು ಯಂತ್ರ ಹೇಳಲಾರದು.

ಜೈನ ಆಚಾರ್ಯ ಸಮಂತಭದ್ರನ ಆಪ್ತಮೀಮಾಂಸೆಯ ದೃಷ್ಟಾಂತವೊಂದು ಇಲ್ಲಿ ನೆರವಾಗುತ್ತದೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಿದ್ದವನು ದುಃಖಪಡುತ್ತಾನೆ, ಕಿರೀಟ ಬೇಕಿದ್ದವನು ಸಂತೋಷಪಡುತ್ತಾನೆ, ಚಿನ್ನ ಬೇಕಿದ್ದವನು ಎರಡನ್ನೂ ಸಮವಾಗಿ ಕಾಣುತ್ತಾನೆ. ಉತ್ಪಾದ, ವ್ಯಯ, ಧ್ರೌವ್ಯ, ಅಂದರೆ ಹುಟ್ಟು, ಅಳಿವು, ಉಳಿವುಗಳೆಂಬ ಮೂರೂ ಒಂದೇ ವಸ್ತುವಿನಲ್ಲಿ ಒಂದೇ ಹೊತ್ತಿನಲ್ಲಿ ನಿಜ. ಶುದ್ಧವಾದ ಹಾಡು ಬೇಕಾದವರಿಗೆ ತೊಳೆದ ಪ್ರತಿ ಲಾಭ; ಆ ಸಂಜೆಯೇ ಬೇಕಾದವರಿಗೆ ಅದು ನಷ್ಟ; ಪದಗಳಷ್ಟೇ ಬೇಕಾದವರಿಗೆ ಎರಡೂ ಒಂದೇ. ಆದ್ದರಿಂದಲೇ ತೊಳೆಯದ ಪ್ರತಿಯೊಂದನ್ನು ಯಾವಾಗಲೂ ಹಾಗೆಯೇ ಇಡಬೇಕೆಂಬ ನಿಯಮವಿದೆ. ಗ್ರಂಥಸಂಪಾದನೆಯ ಶಿಸ್ತೂ ಇದನ್ನೇ ಹೇಳುತ್ತದೆ: ಸಂಪಾದಕ ತನಗೆ ಸರಿಯೆನಿಸಿದ ಪಾಠವನ್ನು ಮೇಲೆ ಇಡಬಹುದು, ಆದರೆ ಓಲೆಯಲ್ಲಿ ಕಂಡ ಪಾಠಾಂತರವನ್ನು ಅಡಿಯಲ್ಲಿ ದಾಖಲಿಸಬೇಕು. ಅಳಿಸುವ ಅಧಿಕಾರ ಅವನಿಗಿಲ್ಲ.

ಅಂಕಿಯೂ ಪಾಠಕ್ರಮವೂ

ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಮಾಡಿದ ಪ್ರತಿ ಪ್ರತಿಸಲವೂ ಮಂಕಾಗುತ್ತ ಹೋಗುತ್ತದೆ. ಅದು ನ್ಯಾಯಮತದ ಶಬ್ದದಂತೆ: ಒಂದು ಅಲೆ ಇನ್ನೊಂದನ್ನು ಎಬ್ಬಿಸಿ ತಾನು ಕುಗ್ಗುತ್ತದೆ. ಅಂಕಿಯಾದ ದನಿ ಮೀಮಾಂಸಕರ ವರ್ಣದಂತೆ ವರ್ತಿಸುತ್ತದೆ. ನೂರನೆಯ ಪ್ರತಿಯೂ ಮೊದಲನೆಯದರ ಜೊತೆ ಅಂಕಿಗೆ ಅಂಕಿ ಹೊಂದುತ್ತದೆ. ‘ಅದರಂಥದು’ ಎನ್ನಲು ವ್ಯತ್ಯಾಸವೇ ಇರುವುದಿಲ್ಲ. ಡಿಸ್ಕು, ಲೇಸರು, ಸ್ಪೀಕರುಗಳು ಅದನ್ನು ಪ್ರಕಟಿಸುವ ಸಾಧನಗಳಷ್ಟೇ.

ಈ ಸ್ಥಿರತೆ ತಾನಾಗಿ ಬಂದದ್ದಲ್ಲ, ಕಾವಲಿನಿಂದ ಬಂದದ್ದು. ಸಿ.ಡಿ.ಯಲ್ಲಿ ದನಿಯ ಅಂಕಿಗಳ ಜೊತೆಗೆ ರೀಡ್ ಮತ್ತು ಸಾಲೊಮನ್ 1960ರಲ್ಲಿ ರೂಪಿಸಿದ ಸಂಕೇತಪದ್ಧತಿಯ ಹೆಚ್ಚುವರಿ ಅಂಕಿಗಳಿರುತ್ತವೆ. ಅಕ್ಕಪಕ್ಕದ ಅಂಕಿಗಳನ್ನು ದೂರದೂರಕ್ಕೆ ಹರಡಿ ಬರೆದಿರುವುದರಿಂದ ಸುಮಾರು 2.5 ಮಿಲಿಮೀಟರ್ ಉದ್ದದ ಗೀರು ಬಿದ್ದರೂ ಉಳಿದವುಗಳ ಸಾಕ್ಷ್ಯದಿಂದ ಕಳೆದದ್ದನ್ನು ಮರಳಿ ಕಟ್ಟಬಹುದು. ವೇದಪಾಠದ ಪರಂಪರೆ ಇದೇ ತತ್ತ್ವವನ್ನು ಬರವಣಿಗೆಯ ನೆರವಿಲ್ಲದೆ ಕಂಡುಕೊಂಡಿತ್ತು. ಜಟಾಪಾಠದಲ್ಲಿ ಪದಗಳು ಒಂದು-ಎರಡು, ಎರಡು-ಒಂದು, ಒಂದು-ಎರಡು ಎಂದು ಹೆಣೆದುಕೊಳ್ಳುತ್ತವೆ. ಘನಪಾಠದಲ್ಲಿ ಮೂರನೆಯ ಪದವೂ ಸೇರಿ ಹೆಣಿಗೆ ಇನ್ನೂ ಬಿಗಿಯಾಗುತ್ತದೆ. ಒಂದು ಪದ ಜಾರಿದರೆ ಹೆಣಿಗೆಯೇ ತಪ್ಪನ್ನು ತೋರಿಸಿಕೊಡುತ್ತದೆ. ಎರಡು ಕಡೆಯೂ ಅರ್ಥವನ್ನು ಹೆಚ್ಚಿಸದ ಪುನರುಕ್ತಿಯೇ ಕಾವಲುಗಾರ. ವೇದಪಾಠ ಕಾದದ್ದು ಅಕ್ಷರವನ್ನೂ ಸ್ವರವನ್ನೂ, ಸಿ.ಡಿ. ಕಾಯುವುದು ಒಬ್ಬ ವ್ಯಕ್ತಿಯ ಒಂದು ಸಂಜೆಯ ಉಸಿರನ್ನೂ. ನಿತ್ಯಕ್ಕೆಂದು ಹುಟ್ಟಿದ ಉಪಾಯ ಅನಿತ್ಯಕ್ಕೆ ಒದಗಿ ಬಂದಿದೆ.

ಯಂತ್ರದ ದನಿಗೆ ಫಲವಿದೆಯೇ

ಅಂಕಿಗಳು ಹೊಂದಿದ ಮಾತ್ರಕ್ಕೆ ಕರ್ಮ ಹೊಂದುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಹನಫಿ ಧರ್ಮಶಾಸ್ತ್ರದಲ್ಲಿ ಹಳೆಯ ತೀರ್ಮಾನವೊಂದಿದೆ. ಕುರ್‌ಆನಿನ ಕೆಲವು ವಚನಗಳನ್ನು ಕೇಳಿದವರು ಸಜ್ದಾ, ಅಂದರೆ ಹಣೆ ನೆಲಕ್ಕೆ ಮುಟ್ಟಿಸುವ ನಮನ, ಮಾಡಬೇಕು. ಅದೇ ವಚನ ಪ್ರತಿಧ್ವನಿಯಾಗಿಯೋ ಗಿಳಿಯ ಬಾಯಿಂದಲೋ ಕೇಳಿಬಂದರೆ ಸಜ್ದಾ ಕಡ್ಡಾಯವಲ್ಲ, ಏಕೆಂದರೆ ಅಲ್ಲಿ ಓದುವ ಮನಸ್ಸಿಲ್ಲ. ಗ್ರಾಮಫೋನು, ಟೇಪುಗಳು ಬಂದಾಗ ಅನೇಕ ವಿದ್ವಾಂಸರು ಅವನ್ನು ಪ್ರತಿಧ್ವನಿಯ ಸಾಲಿಗೆ ಸೇರಿಸಿದರು. ಹಾಗೆಂದು ಧ್ವನಿಮುದ್ರಣವನ್ನು ತಳ್ಳಿಹಾಕಲಿಲ್ಲ. 1961ರಲ್ಲಿ ಈಜಿಪ್ಟಿನ ಮಹಮೂದ್ ಖಲೀಲ್ ಅಲ್-ಹುಸರಿ ಅವರ ಪೂರ್ಣ ಪಾರಾಯಣ ಮುದ್ರಣಗೊಂಡು ಶುದ್ಧ ಉಚ್ಚಾರಣೆಯ ಮಾದರಿಯಾಯಿತು. ಕ್ಯಾಥೊಲಿಕ್ ಚರ್ಚ್ 1958ರ ಸಂಗೀತ ನಿರ್ದೇಶನದಲ್ಲಿ ಪೂಜಾವಿಧಿಯೊಳಗೆ ಗ್ರಾಮಫೋನು, ಟೇಪ್ ರೆಕಾರ್ಡರುಗಳ ಬಳಕೆಯನ್ನು ನಿಷೇಧಿಸಿತು. ಹನಫಿ ತೀರ್ಮಾನ, ಚರ್ಚಿನ ನಿಷೇಧ ಎರಡರ ಹಿಂದಿನ ಕಾರಣವೂ ಒಂದೇ: ವಿಧಿ ನಡೆಯಲು ಅಲ್ಲಿ ಆಗ ಮಾಡುವವರು ಇರಬೇಕು.

ಮಂತ್ರದೀಕ್ಷೆಯೂ ಹಾಗೆಯೇ. ಶಿಷ್ಯನ ಕಿವಿಯಲ್ಲಿ ಗುರು ಉಸುರುವುದು ಮಂತ್ರದ ಅಕ್ಷರಗಳನ್ನು ತಿಳಿಸಲು ಅಲ್ಲ. ಅಕ್ಷರಗಳು ಗುಟ್ಟಾಗಿರದ ಕಡೆಯೂ ಉಪದೇಶ ಬೇಕಾಗುತ್ತದೆ. ಅಲ್ಲಿ ಕೈ ಬದಲಾಗುವುದು ಸಂಬಂಧ, ಹೊಣೆ. ಇದನ್ನು ಡಿಸ್ಕು ಹೊರಲಾರದು.

ಗುರುಮುಖದಿಂದಲೇ ಪಡೆಯಬೇಕೆಂಬ ಈ ನಿಯಮಕ್ಕೆ ಕತ್ತಲೆಯ ಮಗ್ಗುಲೂ ಇದೆ. ಕುಮಾರಿಲ ಭಟ್ಟ ತಂತ್ರವಾರ್ತಿಕದಲ್ಲಿ ಬರಹದಿಂದ ಕಲಿತ ವೇದದಿಂದ ಧರ್ಮಜ್ಞಾನ ಆಗದೆಂದು ಹೇಳುವಾಗ, ಶೂದ್ರ ಪಡೆದ ವೇದವನ್ನೂ ಅದೇ ಉಸಿರಿನಲ್ಲಿ ಹೊರಗಿಡುತ್ತಾನೆ. ಮಾಧ್ಯಮವನ್ನು ಕಾಯುವ ಬೇಲಿ ಮನುಷ್ಯರನ್ನೂ ತಡೆದಿತ್ತು. 12ನೆಯ ಶತಮಾನದ ಶರಣರು ಆಡುಮಾತಿನಲ್ಲೇ ಅನುಭಾವವನ್ನು ಎಲ್ಲರ ಮುಂದಿಟ್ಟು ಆ ಬೇಲಿಯನ್ನು ಒಂದು ಬಗೆಯಲ್ಲಿ ದಾಟಿದರು. ಕ್ಯಾಸೆಟ್ಟು ಇನ್ನೊಂದು ಬಗೆಯಲ್ಲಿ ದಾಟಿತು. ರುದ್ರ, ಪುರುಷಸೂಕ್ತಗಳು ಅಂಗಡಿಯಲ್ಲಿ ಸಿಗತೊಡಗಿದಾಗ ಕೇಳುವವರ ಜಾತಿ, ಲಿಂಗಗಳನ್ನು ಟೇಪು ಕೇಳಲಿಲ್ಲ. ಕ್ಯಾಸೆಟ್ಟು ಹುಟ್ಟಿದ 1963ರಲ್ಲೇ ಎಂ.ಎಸ್. ಸುಬ್ಬುಲಕ್ಷ್ಮಿ ಅವರ ವೆಂಕಟೇಶ ಸುಪ್ರಭಾತದ ಧ್ವನಿಮುದ್ರಿಕೆಯೂ ಹೊರಬಂದಿತ್ತು. ಅದು ಕರ್ನಾಟಕದ ಎಷ್ಟೋ ಮನೆಗಳ ಬೆಳಗಿನ ಭಾಗವಾಯಿತು. ಭಕ್ತಿಯ ಒಂಬತ್ತು ಬಗೆಗಳಲ್ಲಿ ಮೊದಲನೆಯದು ಶ್ರವಣ. ಶ್ರವಣದಲ್ಲಿ ಕರ್ತೃ ಕೇಳುವವನೇ. ಹಾಡುವವರು ಎದುರಿಗಿಲ್ಲದಿದ್ದರೂ ಕೇಳುವವರ ಮನಸ್ಸು ಅಲ್ಲಿದ್ದರೆ ಕೇಳ್ಮೆ ಪೂರ್ತಿಯಾಗುತ್ತದೆ. ಹೀಗೆ ಎರಡು ಬಗೆಯ ಕರ್ಮಗಳನ್ನು ಬೇರ್ಪಡಿಸಬೇಕಾಗುತ್ತದೆ: ಮಾಡುವವರನ್ನು ಬೇಡುವ ವಿಧಿ ಯಂತ್ರದಿಂದ ನೆರವೇರದು, ಕೇಳುವವರನ್ನು ಬೇಡುವ ಭಕ್ತಿಗೆ ಯಂತ್ರ ಅಡ್ಡಿಯಾಗದು.

ಪ್ರತಿ ಮಾಡುವ ಧರ್ಮ

ಸಿ.ಡಿ.ಯೂ ಶಾಶ್ವತವಲ್ಲ. ಮನೆಯಲ್ಲಿ ಬರೆಯುವ ಡಿಸ್ಕಿನಲ್ಲಿ ಅಂಕಿಗಳು ನಿಲ್ಲುವುದು ಸಾವಯವ ಬಣ್ಣದ ಪದರದಲ್ಲಿ. ಬಿಸಿಲು, ಶಾಖ, ತೇವಗಳು ಅದನ್ನು ಕೆಡಿಸುತ್ತವೆ. ಅಂಕಿ ನಿತ್ಯವಾದಂತೆ ಕಂಡರೂ ಅದನ್ನು ಹೊರುವ ವಸ್ತು ಅನಿತ್ಯ. ಆದ್ದರಿಂದ ಒಮ್ಮೆ ದಾಟಿಸಿದರೆ ಕೆಲಸ ಮುಗಿಯುವುದಿಲ್ಲ. ಕೆಲವು ವರ್ಷಗಳಿಗೊಮ್ಮೆ ಹೊಸ ಡಿಸ್ಕಿಗೆ, ಹೊಸ ಬಗೆಯ ಭಂಡಾರಕ್ಕೆ, ಒಂದಕ್ಕಿಂತ ಹೆಚ್ಚು ಕಡೆಗೆ ಮತ್ತೆ ಇಳಿಸುತ್ತಿರಬೇಕು.

ಕನ್ನಡ ನಾಡಿಗೆ ಈ ಕೆಲಸ ಹೊಸದಲ್ಲ. ತಾಳೆಗರಿಯೂ ಹುಳು ಹಿಡಿದು ಮುರಿಯುವಂಥದೇ. ಹಳಗನ್ನಡ ಕಾವ್ಯಗಳು ಇಂದಿಗೆ ಬಂದದ್ದು ಒಂದೇ ಓಲೆ ಬಾಳಿದ್ದರಿಂದಲ್ಲ, ಓಲೆಯಿಂದ ಓಲೆಗೆ ಪ್ರತಿ ಮಾಡುತ್ತ ಬಂದವರಿಂದ. 10ನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಜೈನ ಪರಂಪರೆಯಲ್ಲಿ ಅದಕ್ಕೆ ಶಾಸ್ತ್ರದಾನವೆಂದು ಹೆಸರು. ಅನ್ನ, ಔಷಧ, ಅಭಯಗಳ ಸಾಲಿನಲ್ಲಿ ಅದಕ್ಕೆ ಸ್ಥಾನ. ಸಾವಿರದಲ್ಲಿ ಯಾವುದು ‘ನಿಜವಾದ’ ಶಾಂತಿಪುರಾಣವೆಂದು ಯಾರೂ ಕೇಳಲಿಲ್ಲ. ತಿದ್ದದೆ, ಬಿಡದೆ, ಎಚ್ಚರದಿಂದ ಬರೆದ ಪ್ರತಿಯೊಂದೂ ಶಾಂತಿಪುರಾಣವೇ.

ಮೊದಲಿನ ಪ್ರಶ್ನೆಗೆ ಉತ್ತರ ಹೀಗೆ ಪದರಪದರವಾಗಿ ನಿಲ್ಲುತ್ತದೆ. ಅಜ್ಜಿ ಸೋಬಾನೆ ಹಾಡಿದ ಆ ಸಂಜೆ ದಾಟುವುದಿಲ್ಲ. ಅದು ಒಮ್ಮೆ ನಡೆದು ಮುಗಿದದ್ದು. ಟೇಪಿನ ಮೇಲಿನ ಗುರುತು ಸಿ.ಡಿ.ಗೆ ದಾಟುವಾಗ ದೀಪದಿಂದ ದೀಪ ಹೊತ್ತಿಕೊಂಡಂತೆ, ಒಂದೇ ಅಲ್ಲದೆ ಬೇರೆಯೂ ಅಲ್ಲದೆ ದಾಟುತ್ತದೆ. ಎಷ್ಟು ಚೆನ್ನಾಗಿ ದಾಟುತ್ತದೆ ಎಂಬುದು ದಾಟಿಸುವವರ ಎಚ್ಚರಕ್ಕೆ ಬಿಟ್ಟದ್ದು. ಅಂಕಿಯಾದ ಮೇಲೆ ಪ್ರತಿಗಳೆಲ್ಲ ಅಕ್ಷರಶಃ ಅದೇ. ಆ ಅಂಕಿ ಮತ್ತೆ ಗಾಳಿಯ ಅಲೆಯಾಗಿ ಕಿವಿಗೆ ಬಿದ್ದಾಗ, ಕೇಳಿದವರು ‘ಇದು ಅವಳ ದನಿ’ ಎಂದು ಗುರುತು ಹಿಡಿಯುತ್ತಾರೆ. ಆ ಗುರುತು ಹೋಲಿಕೆಯಿಂದ ಹುಟ್ಟಿದ್ದೆಂಬ ನೈಯಾಯಿಕರ ಮಾತು ದಾರಿಯ ಮಟ್ಟಿಗೆ ನಿಜ. ಗುರುತು ಸುಳ್ಳಲ್ಲವೆಂಬ ಮೀಮಾಂಸಕರ ಮಾತು ತಲುಪಿದ ಜಾಗದ ಮಟ್ಟಿಗೆ ನಿಜ.